ಕಾಯಿಲೆಯ ಹೆಸರು

ಲಮಾರ್ ತೀರಿಕೊಂಡ ಮರುದಿನ ಚರ್ಚಿನ ಪಾದ್ರಿ ಟಾಲಿವರ್ ಅವನ ಮನೆಗೆ ಬಂದರು. ಅವನ ತಾಯಿ ಲೂವೀನಿಯಾ ಕೊಟ್ಟ ಕಾಫಿ ಆರಿ ತಣ್ಣಗಾಗುವವರೆಗೂ ಅವರು ಅದನ್ನು ಮುಟ್ಟಲಿಲ್ಲ. ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನೇ ಸವರುತ್ತ ಕೂತಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದರು:

"ಸಿಸ್ಟರ್, ಹುಡುಗನಿಗೆ ಏನಾಗಿತ್ತು ಅಂತ ಜನ ಕೇಳ್ತಾರೆ. ನಾವೆಲ್ಲ ಒಂದೇ ಮಾತು ಹೇಳಿದ್ರೆ ಒಳ್ಳೇದು."

"ಯಾವ ಮಾತು?"

"ಶ್ವಾಸಕೋಶದ ಕಾಯಿಲೆ ಅನ್ನೋಣ. ಸುಳ್ಳೇನಲ್ವಲ್ಲ. ಉಸಿರು ನಿಂತಿದ್ದು ಅದರಿಂದಾನೇ ತಾನೆ?"

ಲೂವೀನಿಯಾಳ ಗಂಡ ಹೋಸಿಯಾ ಕಿಟಕಿಯ ಹತ್ತಿರ ನಿಂತಿದ್ದ. ಅವನು ಆ ಚರ್ಚಿನ ಹಿರಿಯರಲ್ಲೊಬ್ಬ. ಭಾನುವಾರ ಬೂದುಬಣ್ಣದ ಸೂಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರುವವನು. ಅವನು ತಿರುಗಿ ನೋಡದೆಯೇ, "ಹಾಗೇ ಆಗ್ಲಿ ಪಾದ್ರಿಗಳೇ," ಅಂದ. ಲೂವೀನಿಯಾ ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದಳು.

ಲಮಾರ್ ಅವರಿಗಿದ್ದ ಒಬ್ಬನೇ ಮಗ. ಊರಿನ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸುತ್ತಿದ್ದ. ಡ್ರಮ್ಮಿನ ಕೋಲು ಸಿಗದಿದ್ದರೆ ಊಟದ ಮೇಜನ್ನೇ ಬಡಿದು ತಾಳ ಹಾಕುತ್ತಿದ್ದ. ಆ ಬೇಸಿಗೆಯಲ್ಲಿ ಅವನಿಗೆ ಕೆಮ್ಮು ಹತ್ತಿತು, ಬಿಡಲೇ ಇಲ್ಲ. ಜಿಲ್ಲೆಯ ಆಸ್ಪತ್ರೆ ಮುಚ್ಚಿ ವರ್ಷಗಳಾಗಿದ್ದವು, ಅದರ ಅಂಗಳದಲ್ಲಿ ಎದೆಮಟ್ಟ ಹುಲ್ಲು ಬೆಳೆದಿತ್ತು. ಉಳಿದಿದ್ದು ಅವರೂರು ಟಿಲರಿಯ ಮುಖ್ಯರಸ್ತೆಯ ಸಣ್ಣ ದವಾಖಾನೆ. ಅಲ್ಲಿ ಹೋದಾಗಲೆಲ್ಲ ಬೇರೆ ಬೇರೆ ವೈದ್ಯರಿರುತ್ತಿದ್ದರು. ಒಬ್ಬ ಕೆಮ್ಮಿನ ಔಷಧಿ ಕೊಟ್ಟ. ಇನ್ನೊಬ್ಬ ಹತ್ತಿ ಹೊಲದ ಧೂಳು ಆಗಿಬಂದಿಲ್ಲ ಅಂದ. ಮತ್ತೊಬ್ಬ, ಜನ್ಮದಲ್ಲಿ ಸಿಗರೇಟು ಮುಟ್ಟದವನಿಗೆ ಸಿಗರೇಟು ಬಿಡು ಅಂತ ಬುದ್ಧಿ ಹೇಳಿದ. ಹುಡುಗ ಸೊರಗುತ್ತ ಬಂದ. ಯಾರನ್ನೋ ಪ್ರೀತಿಸುತ್ತಿರಬೇಕು, ಅದಕ್ಕೇ ಊಟ ಸೇರುತ್ತಿಲ್ಲ ಅಂತ ಲೂವೀನಿಯಾ ಅಂದುಕೊಂಡಳು. ಅವನನ್ನು ರೇಗಿಸಿದಳು ಕೂಡ. ಯಾರೂ ಅವನ ರಕ್ತ ತೆಗೆದು ನೋಡಲಿಲ್ಲ.

ಕೊನೆಗೆ ಅವನಿಗೆ ಮೆಟ್ಟಿಲು ಹತ್ತಲು ಆಗದಾದಾಗ ಜಾಕ್ಸನ್ ಊರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಜಡೆಗಳನ್ನು ಬಿಗಿಯಾಗಿ ಹೆಣೆದುಕೊಂಡ ಒಬ್ಬ ಎಳೆಯ ವೈದ್ಯೆ, ಅವರ ಹಾಗೇ ಕಪ್ಪು ಜನಾಂಗದ ಹುಡುಗಿ, ಲೂವೀನಿಯಾಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ಅಮ್ಮಾ, ಇದು ಏಡ್ಸ್. ತುಂಬಾ ಮುಂದಕ್ಕೆ ಹೋಗ್ಬಿಟ್ಟಿದೆ."

"ಅದು ಹಳೇ ಕಾಲದ ಕಾಯಿಲೆ ಅಲ್ವಾ? ಈಗಲೂ ಅದರಿಂದ ಸಾಯ್ತಾರಾ?"

ವೈದ್ಯೆ ಅಂದಳು: "ಸಾಯ್ಬೇಕಾಗಿಲ್ಲಮ್ಮ. ದಿನಕ್ಕೊಂದು ಮಾತ್ರೆ ತಗೊಂಡ್ರೆ ಸಾಕು, ಮುದುಕರಾಗೋವರೆಗೂ ಬದುಕ್ತಾರೆ. ಆದ್ರೆ ನಮ್ಮ ಜನ ನನ್ನ ಹತ್ರ ಬರೋದೇ ಈ ಸ್ಥಿತೀಲಿ. ಯಾರಾದ್ರೂ ಮೊದಲೇ ಒಂದು ಹನಿ ರಕ್ತ ನೋಡಿದ್ದಿದ್ರೆ..." ಅಷ್ಟಕ್ಕೇ ನಿಲ್ಲಿಸಿದಳು.

ಆ ಅರ್ಧ ಮಾತು ಲೂವೀನಿಯಾಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತು.

ಅಂತ್ಯಕ್ರಿಯೆಯ ದಿನ ಚರ್ಚು ಕಿಕ್ಕಿರಿದಿತ್ತು. ಬ್ಯಾಂಡಿನ ಮಕ್ಕಳು ಸಮವಸ್ತ್ರದಲ್ಲಿ ಬಂದು ಗೋಡೆಯುದ್ದಕ್ಕೂ ನಿಂತಿದ್ದರು. ನಾಲ್ಕು ಒಳ್ಳೆಯ ಮಾತು ಹೇಳುವ ಹೊತ್ತಿಗೆ ಅವರಿವರು ಎದ್ದು ಹೇಳಿದರು. ಆಗ ಲೂವೀನಿಯಾಳೂ ಎದ್ದಳು. ಹೋಸಿಯಾ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

"ನನ್ನ ಮಗನಿಗೆ ಏನಾಗಿತ್ತು ಅಂತ ನಿಮಗೆಲ್ಲ ಒಂದೊಂದು ಕಥೆ ಸಿಕ್ಕಿರುತ್ತೆ. ಅವನು ಏಡ್ಸ್ ಬಂದು ಸತ್ತ. ಮೈಯಲ್ಲಿ ಎಚ್‌ಐವಿ ಇತ್ತು, ಅವನಿಗೇ ಗೊತ್ತಿರಲಿಲ್ಲ. ಇವತ್ತಿನ ಕಾಲದಲ್ಲಿ ಅದಕ್ಕೆ ಮಾತ್ರೆ ಇದೆ. ಈ ಬೆಂಚುಗಳಲ್ಲಿ ಎಷ್ಟು ಮಕ್ಕಳು ಕೂತಿದ್ದೀರಿ. ದಯವಿಟ್ಟು ಹೋಗಿ ಪರೀಕ್ಷೆ..."

ಅಷ್ಟರಲ್ಲಿ ಚರ್ಚಿನ ಆರ್ಗನ್ ವಾದ್ಯ ಶುರುವಾಯಿತು. ಯಾರು ಸನ್ನೆ ಮಾಡಿದರೋ, ನುಡಿಸುವವಳು ತಾನಾಗಿಯೇ ನುಡಿಸಿದಳೋ. ಲೂವೀನಿಯಾಳ ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ಯಾರಿಗೂ ಕೇಳಲಿಲ್ಲ.

ಸಮಾಧಿಯ ಹತ್ತಿರ ಗೆಳತಿ ಬರ್ನೀಸ್ ಅವಳ ಪಕ್ಕ ಬಂದು ನಿಂತಳು. ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿ, ಒಂದೇ ವರ್ಷ ಮದುವೆಯಾದವರು, ಒಂದೇ ಮೀನಿನ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಮೀನು ಸೀಳುವವರು.

"ಏನೇ ಮಾಡ್ದೆ ಲೂವಿ?" ಬರ್ನೀಸ್ ಪಿಸುಗುಟ್ಟಿದಳು. "ಸತ್ತ ಮಗುವಿನ ಮಾನ ಹೀಗೆ ಬೀದೀಲಿ ಹರಾಜು ಹಾಕ್ತಾರೇನೇ?"

"ಮಾನ ಅಲ್ಲ ಕಣೇ. ಕಾಯಿಲೆ ಹೆಸರು ಹೇಳ್ದೆ ಅಷ್ಟೆ."

"ಎರಡೂ ಒಂದೇ ಇಲ್ಲಿ. ನಿಂಗೆ ಗೊತ್ತಿಲ್ವಾ?"

ಕಾರ್ಖಾನೆಗೆ ಮರಳಿದ ವಾರವೇ ಮೇಸ್ತ್ರಿ ಡುವೇನ್ ಅವಳನ್ನು ಕರೆದ. ಅವನು ಲೂವೀನಿಯಾ ಎತ್ತಿ ಆಡಿಸಿದ ಹುಡುಗ, ಅವಳ ಮುಖ ನೋಡದೆ ನೆಲಕ್ಕೆ ಹೇಳಿದ.

"ಆಂಟಿ, ನಾಳೆಯಿಂದ ನೀವು ಐಸ್ ರೂಮಿಗೆ."

"ಯಾಕಪ್ಪಾ? ನನ್ನ ಚಾಕು ಮೊಂಡಾಯ್ತಾ?"

"ಹಾಗಲ್ಲ. ಚಾಕು ಹಿಡಿಯೋ ಕೆಲಸ, ಯಾವಾಗಾದ್ರೂ ಕೈ ಕುಯ್ಕೊಂಡ್ರೆ... ಹೆಂಗಸರು ಮಾತಾಡ್ತಾ ಇದಾರೆ."

"ನಂಗೆ ಆ ಕಾಯಿಲೆ ಇಲ್ಲ ಕಣೋ. ಜಾಕ್ಸನ್‌ನಲ್ಲಿ ಪರೀಕ್ಷೆ ಮಾಡಿಸಿದ್ದೀನಿ. ಇದ್ದಿದ್ರೂ ಮೀನಿಗೆ ಅಂಟಲ್ಲ."

"ನಂಗೊತ್ತು ಆಂಟಿ. ಅವರಿಗೆ ಗೊತ್ತಾಗ್ಬೇಕಲ್ಲ."

"ಹಾಗಾದ್ರೆ ಹೇಳು ಅವರಿಗೆ."

ಡುವೇನ್ ಹೇಳಲಿಲ್ಲ. ಲೂವೀನಿಯಾ ಐಸ್ ರೂಮಿನಲ್ಲಿ ಪೆಟ್ಟಿಗೆಗಳಿಗೆ ಮಂಜಿನ ಚೂರು ತುಂಬಿದಳು. ಸಂಜೆಯ ಹೊತ್ತಿಗೆ ಬೆರಳುಗಳು ಬಾತು ಮಡಿಚಲು ಬರುತ್ತಿರಲಿಲ್ಲ. ಅವಳು ಹಿಂದೆ ನಿಂತಿದ್ದ ಜಾಗಕ್ಕೆ ಬೇರೆಯವಳು ಬಂದಳು. ಬರ್ನೀಸ್ ಅವಳ ಜೊತೆ ನಗುತ್ತ ಮಾತಾಡುವುದು ಗಾಜಿನಾಚೆ ಕಾಣುತ್ತಿತ್ತು.

ಶರತ್ಕಾಲದಲ್ಲಿ ಚರ್ಚಿನ ಸಮಾರಂಭಕ್ಕೆ ಎಲ್ಲರೂ ಮನೆಯಿಂದ ಅಡುಗೆ ತರುವ ಪದ್ಧತಿ. ಲೂವೀನಿಯಾ ಸಿಹಿಗೆಣಸಿನ ಹೂರಣ ತುಂಬಿ ಬೇಯಿಸುವ ಪೈ ಅಂದರೆ ಪ್ರಾರ್ಥನೆ ಮುಗಿಯುವ ಮುಂಚೆಯೇ ಜನ ಅದರ ಕಡೆ ಕಣ್ಣು ಹಾಕುತ್ತಿದ್ದರು. ಆ ವರ್ಷವೂ ತಂದಳು. ಉದ್ದನೆಯ ಮೇಜಿನ ಮೇಲೆ ಕರಿದ ಕೋಳಿ ಖಾಲಿಯಾಯಿತು, ಸೊಪ್ಪು ಖಾಲಿಯಾಯಿತು, ಯಾರದೋ ಸೀದುಹೋದ ಕೇಕು ಕೂಡ ಖಾಲಿಯಾಯಿತು. ಪೈಗೆ ಯಾರೂ ಚಾಕು ಹಚ್ಚಲಿಲ್ಲ. "ಹೊಟ್ಟೆ ಬಿರಿಯೋ ಹಾಗೆ ತಿಂದ್ಬಿಟ್ಟೆ ಸಿಸ್ಟರ್," ಅನ್ನುತ್ತ ದಾಟಿಕೊಂಡು ಹೋದರು.

ಆಗ ಹೋಸಿಯಾ ಎದ್ದು ಬಂದ. ಮಗ ಸತ್ತ ಮೇಲೆ ಅವನದು ಹೆಂಡತಿಯ ಜೊತೆ ಬೇಕಾದಷ್ಟೇ ಮಾತು, ಮಲಗುವುದು ಲಮಾರ್‌ನ ಕೋಣೆಯಲ್ಲಿ. ಅವನು ಒಂದು ದೊಡ್ಡ ತುಂಡು ಕತ್ತರಿಸಿಕೊಂಡು, ಎಲ್ಲರಿಗೂ ಕಾಣುವಂತೆ ನಿಂತೇ ತಿಂದ. ಇನ್ನೊಂದು ತುಂಡು ತಿಂದ. ಮೂರನೆಯದನ್ನು ಬಾಯಿಗಿಡುವಾಗ ಗಲ್ಲದ ಮೇಲೆ ಕಣ್ಣೀರು ಹರಿಯುತ್ತಿತ್ತು. ಮುಂದಿನ ತಿಂಗಳು ಪಾದ್ರಿಗಳು, "ಸ್ವಲ್ಪ ದಿನ ವಿಶ್ರಾಂತಿ ತಗೋ ಹೋಸಿಯಾ," ಅಂದರು. ಮುಂದಿನ ಬೆಂಚಿನಲ್ಲಿ ಅವನ ಜಾಗಕ್ಕೆ ಬೇರೊಬ್ಬ ಹಿರಿಯ ಬಂದ.

ಲೂವೀನಿಯಾ ಅಷ್ಟಕ್ಕೇ ಬಿಡಲಿಲ್ಲ. ಜಾಕ್ಸನ್‌ನಿಂದ ರಕ್ತ ಪರೀಕ್ಷೆಯ ವ್ಯಾನನ್ನು ಟಿಲರಿಗೆ ಕರೆಸಲು ಓಡಾಡಿದಳು. ಚರ್ಚಿನ ಅಂಗಳದಲ್ಲಿ ನಿಲ್ಲಿಸಲು ಕೇಳಿದರೆ, "ಮಕ್ಕಳು ಮರಿ ಓಡಾಡೋ ಜಾಗ ಸಿಸ್ಟರ್," ಅಂದರು ಪಾದ್ರಿಗಳು. ಕೊನೆಗೆ ಮುಚ್ಚಿಹೋದ ದಿನಸಿ ಅಂಗಡಿಯ ಮುಂದೆ ಜಾಗವಾಯಿತು. ಶನಿವಾರ ಬೆಳಿಗ್ಗೆ ವ್ಯಾನು ಬಂತು. ಬಂದವರಿಗೆ ತಿನ್ನಲು ಕೊಡೋಣವೆಂದು ಲೂವೀನಿಯಾ ಮೀನು ಕರಿದು ತಂದಿದ್ದಳು. ಆದರೆ ಜನ ಕಾಲಿಡಲು ಹೆದರುವ ಜಾಗದಲ್ಲಿ ಮೀನು ಯಾರಿಗೆ ಬೇಕು? ಕಾರುಗಳು ಹತ್ತಿರ ಬಂದು ನಿಧಾನವಾಗುತ್ತಿದ್ದವು, ಒಳಗಿನವರು ವ್ಯಾನು ಯಾರು ಹತ್ತಿದ್ದಾರೆಂದು ಇಣುಕುತ್ತಿದ್ದರು, ಆಮೇಲೆ ವೇಗ ಹೆಚ್ಚಿಸಿಕೊಂಡು ಹೊರಟುಹೋಗುತ್ತಿದ್ದರು.

ಬಂದವನೆಂದರೆ ಮುದುಕ ಕ್ಲೀವ್ ಒಬ್ಬನೇ. ಕೋಲೂರಿಕೊಂಡು ಬಂದು ವ್ಯಾನಿನ ಮೆಟ್ಟಿಲ ಮೇಲೆ ಕೂತ.

"ಸಕ್ಕರೆ ಕಾಯಿಲೆ ನೋಡ್ತೀರೇನಮ್ಮ?"

"ಇಲ್ಲ ತಾತ, ಎಚ್‌ಐವಿ ಮಾತ್ರ," ಅಂದಳು ವ್ಯಾನಿನ ಹುಡುಗಿ.

"ಅದನ್ನೇ ನೋಡು ಹಾಗಾದ್ರೆ. ಹೆಂಡತಿ ಸತ್ತು ಯುಗ ಆಯ್ತು. ಈ ವಯಸ್ಸಲ್ಲಿ ನಂಗೆ ಆ ಕಾಯಿಲೆ ಬಂದಿದೆ ಅಂದ್ರೆ ನಾನೇ ಬ್ಯಾಂಡು ಕರೆಸಿ ಊರೆಲ್ಲ ಮೆರವಣಿಗೆ ಹೋಗ್ತೀನಿ."

ಹುಡುಗಿ ನಕ್ಕಳು. ಲೂವೀನಿಯಾಳೂ ನಕ್ಕಳು, ಎಷ್ಟೋ ತಿಂಗಳ ಮೇಲೆ. ಕ್ಲೀವ್‌ಗೆ ಏನೂ ಇರಲಿಲ್ಲ. ಅವನು ಕರಿದ ಮೀನನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋದ. ಮಧ್ಯಾಹ್ನ ವ್ಯಾನು ಹೊರಟಿತು. "ಒಬ್ಬರಿಗೋಸ್ಕರ ಇಷ್ಟು ದೂರ ಮತ್ತೆ ಕಳಿಸ್ತಾರೋ ಇಲ್ವೋ ಅಮ್ಮಾ," ಅಂದಳು ಆ ಹುಡುಗಿ. ಮತ್ತೆ ಕಳಿಸಲಿಲ್ಲ.

ಆದರೆ ಆ ದಿನ ನಿಧಾನವಾಗಿ ಸಾಗಿಹೋದ ಕಾರುಗಳಲ್ಲಿ ಒಂದರೊಳಗೆ ಬರ್ನೀಸಳ ಕಿರಿಯ ಮಗಳು ಶಮೀಕಾ ಇದ್ದಳು. ಕೆಲವು ದಿನಗಳ ನಂತರ ಲೂವೀನಿಯಾಳ ಹಿತ್ತಿಲ ಬಾಗಿಲು ಬಡಿದಳು. ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸ ಮಾಡುವ ಹುಡುಗಿ, ಯಾವಾಗಲೂ ವಟವಟ ಅನ್ನುವವಳು. ಅವತ್ತು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟಳು.

"ಲೂವಿ ಆಂಟಿ, ಆ ವ್ಯಾನು ಮತ್ತೆ ಬರುತ್ತಾ?"

ಲೂವೀನಿಯಾ ಅವಳ ಮುಖ ನೋಡಿದಳು. ಯಾಕೆ ಅಂತ ಕೇಳಲಿಲ್ಲ. ಕಾರಿನ ಕೀಲಿ ತೆಗೆದುಕೊಂಡಳು.

ಜಾಕ್ಸನ್‌ನಲ್ಲಿ ಅದೇ ಜಡೆಯ ವೈದ್ಯೆ. ಶಮೀಕಾಳಿಗೆ ಎಚ್‌ಐವಿ ಇತ್ತು. ಮೈಯ ಬಲ ಸಾಕಷ್ಟು ಇಳಿದಿದೆ, ಆದರೆ ಹೊತ್ತು ಮೀರಿಲ್ಲ, ಮಾತ್ರೆ ಒಂದು ದಿನವೂ ತಪ್ಪಿಸಬಾರದು ಅಂದಳು ವೈದ್ಯೆ. ವಾಪಸು ಬರುವಾಗ ಶಮೀಕಾ ಕಾರಿನಲ್ಲಿ ಅಳುತ್ತಿದ್ದಳು, ನಡುನಡುವೆ ನಗುತ್ತಿದ್ದಳು.

"ಅಮ್ಮಂಗೆ ಹೇಳಲ್ಲ ಅಂತ ಆಣೆ ಮಾಡು ಆಂಟಿ."

"ಅವಳು ನಿನ್ನ ಹೆತ್ತೋಳು ಕಣೇ. ಹೇಳ್ಬೇಕು."

"ನೀನು ಊರ ಮುಂದೆ ಹೇಳಿದ್ಯಲ್ಲ, ಏನಾಯ್ತು ಹೇಳು? ಅಮ್ಮ ನಿನ್ನ ಪೈ ತಿನ್ನೋದನ್ನೇ ಬಿಟ್ಲು. ನಂಗೂ ಇದೆ ಅಂತ ಗೊತ್ತಾದ್ರೆ ನಾನು ಉಪಯೋಗಿಸಿದ ಲೋಟಾನ ಆಚೆ ಎಸೀತಾಳೆ. ಆಣೆ ಮಾಡು. ಇಲ್ದಿದ್ರೆ ಈ ಮಾತ್ರೆ ಕಿಟಕಿಯಾಚೆ."

ಲೂವೀನಿಯಾ ಮಗನ ಮೇಲೆ ಆಣೆ ಮಾಡಿದಳು.

ಮಾತ್ರೆಯ ಬಾಟಲಿ ಲೂವೀನಿಯಾಳ ಅಡುಗೆಮನೆಯಲ್ಲೇ ಉಳಿಯಿತು. ರಾತ್ರಿ ಪಾಳಿ ಮುಗಿಸಿ ಶಮೀಕಾ ಬೆಳಿಗ್ಗೆ ಹಿತ್ತಿಲಿಂದ ಬರುತ್ತಿದ್ದಳು. ಮಾತ್ರೆ ನುಂಗಿ, ಮೊಟ್ಟೆ ತಿಂದು, ಆರೈಕೆಯ ಮನೆಯ ಮುದುಕಿಯರ ಜಗಳಗಳನ್ನೆಲ್ಲ ಅವರಂತೆಯೇ ಬಾಯಿ ಸೊಟ್ಟ ಮಾಡಿ ಹೇಳುತ್ತಿದ್ದಳು. ಹೋಸಿಯಾ ಏನನ್ನೂ ಕೇಳಲಿಲ್ಲ. ಒಂದು ದಿನ ತಾನೇ ಎದ್ದು ಬನ್ನಿನಂಥ ಮೆತ್ತನೆಯ ಬಿಸ್ಕತ್ತಿಗೆ ಹಿಟ್ಟು ಕಲಸತೊಡಗಿದ. "ಆ ಹುಡುಗಿಗೆ ಬಿಸೀದು ಇಷ್ಟ," ಅಂದ, ಹೆಂಡತಿ ನೋಡುತ್ತಿರುವುದನ್ನು ಕಂಡು. ಚಳಿಗಾಲ ಕಳೆಯುವ ಹೊತ್ತಿಗೆ ಶಮೀಕಾಳ ಕೆನ್ನೆ ತುಂಬಿಕೊಂಡಿತು. ಹೋಸಿಯಾ ಲಮಾರ್‌ನ ಕೋಣೆಯಿಂದ ತನ್ನ ದಿಂಬು ಎತ್ತಿಕೊಂಡು ಬಂದ. ಆ ಕೆಲವು ತಿಂಗಳು ಆ ಮನೆಯಲ್ಲಿ ಬೆಳಗಾಗುತ್ತಿತ್ತು.

ಆದರೆ ಟಿಲರಿ ಸಣ್ಣ ಊರು. ಶಮೀಕಾಳ ಕೆಂಪು ಕಾರು ಹಿಂದಿನ ಓಣಿಯಲ್ಲಿ ನಿಲ್ಲುವುದನ್ನು ಯಾರೋ ನೋಡಿದರು. ಒಂದು ಸಂಜೆ ಬರ್ನೀಸ್ ಬೇಲಿಯ ಹತ್ತಿರ ಬಂದು ನಿಂತಳು.

"ನನ್ನ ಮಗಳಿಗೆ ನಿಮ್ಮನೇಲಿ ದಿನಾ ಏನೇ ಕೆಲಸ?"

"ಚಿಕ್ಕಂದಿನಿಂದ ಬರೋಳು ತಾನೇ. ಬಂದು ಹೋಗ್ತಾಳೆ."

"ಚಿಕ್ಕಂದಿನ ಮಾತು ಬೇರೆ. ಈಗ ಜನ ಏನಂತಾರೆ ಗೊತ್ತಾ? ಆ ಮನೆಗೆ ಹೋಗೋರು ಯಾಕೆ ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತು ಅಂತಾರೆ. ಅವಳಿಗೆ ಮದುವೆ ಆಗೋದು ಬೇಡ್ವಾ ಲೂವಿ? ನಿನ್ನ ಮಗನ ಕಾಯಿಲೆ ನನ್ನ ಮಗಳ ಹಣೆಗೆ ಯಾಕೆ ಬರೀತೀಯ?"

ನಿಜ ಸಂಗತಿ ಲೂವೀನಿಯಾಳ ಬಾಯಿಯ ತನಕ ಬಂತು. ಆಣೆಯನ್ನು ನೆನೆದು ನುಂಗಿಕೊಂಡಳು. ಬರ್ನೀಸ್ ಬೇಲಿಯ ಕಂಬಕ್ಕೆ ಕೈಯಲ್ಲಿ ಗುದ್ದಿ ಹೋದಳು.

ಮರುದಿನ ಶಮೀಕಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಲೂವೀನಿಯಾ ಬಾಟಲಿಯನ್ನು ಕೈಚೀಲದಲ್ಲಿಟ್ಟುಕೊಂಡು ಆರೈಕೆಯ ಮನೆಯ ಗೇಟಿಗೇ ಹೋದಳು. ಶಮೀಕಾ ಅತ್ತಿತ್ತ ನೋಡುತ್ತ ಹೊರಗೆ ಬಂದಳು.

"ಇಲ್ಲಿಗೆಲ್ಲ ಬರ್ಬೇಡ ಆಂಟಿ, ನಿನ್ನ ಜೊತೆ ನಿಂತಿರೋದು ನೋಡಿದ್ರೆ ಕೆಲಸಾನೂ ಹೋಗುತ್ತೆ."

"ಮಾತ್ರೆ?"

"ನಾನೀಗ ಚೆನ್ನಾಗೇ ಇದ್ದೀನಲ್ಲ. ಹೋದ ಭಾನುವಾರ ಪಾದ್ರಿಗಳು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು. ಮೈಯೆಲ್ಲ ಬೆಚ್ಚಗಾಯ್ತು ಆಂಟಿ, ಸತ್ಯವಾಗ್ಲೂ. ಏನೋ ಇಳಿದುಹೋದ ಹಾಗೆ."

"ಪ್ರಾರ್ಥನೆ ನಾನೂ ಮಾಡ್ತೀನಿ ಕಣೇ. ಪ್ರಾರ್ಥನೇನೂ ಮಾಡು, ಮಾತ್ರೇನೂ ತಗೋ. ದೇವರೇನು ಬೇಜಾರು ಮಾಡ್ಕೊಳಲ್ಲ."

ಶಮೀಕಾ ನಕ್ಕಳು, ಬಾಟಲಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡಳು. ಮಾತ್ರೆ ನುಂಗಿದಳೋ ಬಿಟ್ಟಳೋ ಲೂವೀನಿಯಾಳಿಗೆ ತಿಳಿಯಲಿಲ್ಲ. ಜಾಕ್ಸನ್‌ಗೆ ಕರೆದುಕೊಂಡು ಹೋಗಬೇಕಾದ ದಿನ ಕಾರು ಹೊರಡಿಸಿಕೊಂಡು ಓಣಿಯ ತುದಿಯಲ್ಲಿ ಕಾದಳು. ಹುಡುಗಿ ಬರಲಿಲ್ಲ. ಬೇಸಿಗೆಯಲ್ಲಿ ಶಮೀಕಾ ಮೆಂಫಿಸ್‌ಗೆ ಕೆಲಸಕ್ಕೆ ಹೋದಳೆಂದು ಕಾರ್ಖಾನೆಯಲ್ಲಿ ಸುದ್ದಿ ಬಂತು. ಫೋನು ಮಾಡಿದರೆ ಆ ಸಂಖ್ಯೆ ಬಳಕೆಯಲ್ಲಿಲ್ಲ ಅನ್ನುತ್ತಿತ್ತು.

ಮತ್ತೊಂದು ಹತ್ತಿ ಸುಗ್ಗಿ ಬಂದು ಹೋಯಿತು. ಒಂದು ಸೋಮವಾರ ಗಾಜಿನಾಚೆ ಬರ್ನೀಸಳ ಜಾಗ ಖಾಲಿಯಿತ್ತು. ಮಂಗಳವಾರವೂ ಖಾಲಿಯಿತ್ತು. ಡುವೇನ್ ಐಸ್ ರೂಮಿಗೆ ಬಂದು, "ಮಗಳಿಗೆ ಹುಷಾರಿಲ್ಲವಂತೆ, ಮೆಂಫಿಸ್ ಆಸ್ಪತ್ರೇಲಿ," ಅಂದ. ಲೂವೀನಿಯಾ ಕೈಗವಸು ಬಿಚ್ಚಿ ಅಲ್ಲೇ ಇಟ್ಟು ಹೊರಟಳು. ಹೋಸಿಯಾನಿಗೆ ಫೋನಿನಲ್ಲಿ ಹೇಳಿದಾಗ ಅವನು, "ನಂಗೆ ಬರೋಕಾಗಲ್ಲ ಲೂವಿ. ಇನ್ನೊಂದು ಸಲ ಆಗಲ್ಲ," ಅಂದ.

ಆಸ್ಪತ್ರೆಯಲ್ಲಿ ಶಮೀಕಾಳ ಬಾಯಿ ಮೂಗಿಗೆ ಕೊಳವೆ ಹಾಕಿದ್ದರು. ಲೂವೀನಿಯಾ ಹತ್ತಿರ ಹೋಗಿ ಕರೆದರೂ ಕಣ್ಣು ಅವಳನ್ನು ದಾಟಿ ಎಲ್ಲೋ ನೋಡುತ್ತಿತ್ತು. ತುಂಬಿಕೊಂಡಿದ್ದ ಕೆನ್ನೆ ಮತ್ತೆ ಒಳಗೆ ಹೋಗಿತ್ತು. ಲಮಾರ್‌ನ ಮುಖ ಕೊನೆಗೆ ಹೇಗಾಗಿತ್ತೋ ಹಾಗೆಯೇ.

ಹೊರಗೆ ಬೆಂಚಿನ ಮೇಲೆ ಬರ್ನೀಸ್ ಕೂತಿದ್ದಳು. ಲೂವೀನಿಯಾ ಪಕ್ಕದಲ್ಲಿ ಕೂತಳು.

"ಡಾಕ್ಟರು ಎಲ್ಲ ಹೇಳಿದ್ರು," ಬರ್ನೀಸ್ ಗೋಡೆಯನ್ನು ನೋಡುತ್ತ ಅಂದಳು. "ಹಿಂದೆ ಜಾಕ್ಸನ್‌ನಲ್ಲಿ ಮಾತ್ರೆ ತಗೋತಿದ್ಲು, ಆಮೇಲೆ ನಿಲ್ಲಿಸಿದ್ಲು ಅಂದ್ರು. ಜಾಕ್ಸನ್‌ಗೆ ಅವಳೊಬ್ಬಳೇ ಹೋಗ್ತಿರಲಿಲ್ಲ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಊರಿಗೆಲ್ಲ ಸಾರಿದೋಳು ನೀನು. ಆರ್ಗನ್ ಬಾರಿಸಿದ್ರೂ ಬಾಯಿ ಮುಚ್ಚದೋಳು. ನಂಗೊಬ್ಬಳಿಗೆ ಹೇಳೋಕೆ ನಿನ್ನ ನಾಲಿಗೆಗೆ ಏನಾಗಿತ್ತೇ?"

"ಆಣೆ ಹಾಕಿಸ್ಕೊಂಡಿದ್ಲು. ಲಮಾರ್ ಮೇಲೆ." ಲೂವೀನಿಯಾ ಅವಳ ಕಡೆ ತಿರುಗಿದಳು. "ಹೇಳಿದ್ರೆ ನೀನೇನು ಮಾಡ್ತಿದ್ದೆ ಬರ್ನೀಸ್?"

ಬರ್ನೀಸ್ ಯೋಚಿಸಿದಳು. ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಹೊಡೀತಿದ್ದೆ. ತಟ್ಟೆ ಲೋಟ ಬೇರೆ ಇಡ್ತಿದ್ದೆ, ಇಲ್ಲ ಅನ್ನಲ್ಲ. ಆದ್ರೆ ಮಾತ್ರೆ ನುಂಗಿಸ್ತಿದ್ದೆ ಕಣೇ. ಮೂಗು ಹಿಡಿದು ನುಂಗಿಸ್ತಿದ್ದೆ. ದಿನಾ."

ಲೂವೀನಿಯಾ ತನ್ನ ಬಾತ ಬೆರಳುಗಳನ್ನೇ ನೋಡಿಕೊಂಡಳು. ಹೇಳಿದ್ದಕ್ಕೆ ಒಂದು ಮಗುವಿನ ಹೆಸರು ಹೋಯಿತು ಅಂದರು. ಹೇಳದೆ ಇದ್ದದ್ದಕ್ಕೆ ಇನ್ನೊಂದು ಮಗು ಹೋಗುತ್ತಿತ್ತು. ಬರ್ನೀಸ್ ಹೇಳಿದ್ದು ನಿಜವೇ ಇರಬೇಕೆಂದು ಅವಳಿಗೆ ಅನ್ನಿಸಿತು. ಅದೇ ತಡೆಯಲಾರದ ನೋವು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಶಮೀಕಾ ಹೋಗಿಬಿಟ್ಟಳು. ಬರ್ನೀಸ್ ಅಳಲಿಲ್ಲ. ಫೋನು ತೆಗೆದು ಒಬ್ಬೊಬ್ಬರಿಗೇ ಹೇಳತೊಡಗಿದಳು. "ಹೂಂ ಅತ್ತೆ, ನಿಮೋನಿಯಾ. ಇದ್ದಕ್ಕಿದ್ದ ಹಾಗೆ. ಇಲ್ಲ, ಬೇರೇನೂ ಇಲ್ಲ, ನಿಮೋನಿಯಾ ಅಷ್ಟೆ." ಒಂದು ಕರೆಗೂ ಇನ್ನೊಂದಕ್ಕೂ ನಡುವೆ ತಲೆಯೆತ್ತಿ ಲೂವೀನಿಯಾಳನ್ನು ನೋಡುತ್ತಿದ್ದಳು. ಲೂವೀನಿಯಾ ಹುಡುಗಿಯ ಬಟ್ಟೆಗಳನ್ನು ಮಡಿಚಿ ಚೀಲಕ್ಕೆ ತುಂಬಿದಳು.

ಬರ್ನೀಸಳನ್ನು ತನ್ನ ಕಾರಿನಲ್ಲೇ ಊರಿಗೆ ಕರೆತಂದಳು. ಎರಡೂ ಕಡೆ ಕೊಯ್ದ ಹೊಲಗಳು, ರಸ್ತೆಯಂಚಿನಲ್ಲಿ ಗಾಳಿಗೆ ಹಾರಿಬಿದ್ದ ಹತ್ತಿಯ ಚೂರು. ಟಿಲರಿಯ ನೀರಿನ ಟ್ಯಾಂಕು ಕಂಡಾಗ ಬರ್ನೀಸ್ ಬಾಯಿ ತೆರೆದಳು.

"ಅಂತ್ಯಕ್ರಿಯೆಗೆ ನೀನು ಬರ್ಬೇಡ ಲೂವಿ. ನೀನು ಬಂದ್ರೆ ಎಲ್ಲರಿಗೂ ಅರ್ಥ ಆಗೋಗುತ್ತೆ."

"ಆಯ್ತು."

"ಬೇಜಾರು ಮಾಡ್ಕೋಬೇಡ."

"ಇಲ್ಲ."

"ಇಲ್ಲೇ ನಿಲ್ಲಿಸು. ತಿರುವಿನ ಹತ್ರ. ನಾನು ನಡ್ಕೊಂಡು ಹೋಗ್ತೀನಿ."

ಅವಳ ಮನೆ ಇನ್ನೂ ಆ ಬೀದಿಯ ಕೊನೆಯಲ್ಲಿತ್ತು, ತಿರುವಿನಿಂದಲೇ ಕಾಣುತ್ತಿತ್ತು. ಆಗಲೇ ಅದರ ಮುಂದೆ ಕಾರುಗಳು ಸಾಲುಗಟ್ಟಿದ್ದವು, ಹೆಂಗಸರು ಮುಚ್ಚಿದ ಪಾತ್ರೆಗಳನ್ನು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಲೂವೀನಿಯಾ ಕಾರು ನಿಲ್ಲಿಸಿದಳು. ಬರ್ನೀಸ್ ಮಗಳ ಚೀಲವನ್ನು ಎದೆಗವಚಿಕೊಂಡು ಇಳಿದು, ಹಿಂತಿರುಗಿ ನೋಡದೆ ನಡೆದಳು. ಅವಳು ಮೆಟ್ಟಿಲು ತಲುಪಿ ಹೆಂಗಸರ ತೋಳುಗಳಲ್ಲಿ ಮರೆಯಾಗುವವರೆಗೂ ಲೂವೀನಿಯಾ ಅಲ್ಲೇ ಇದ್ದಳು. ಆಮೇಲೆ ಕಾರನ್ನು ಹಿಂದಕ್ಕೆ ತೆಗೆದು, ಆ ಬೀದಿ ತಪ್ಪಿಸಿ, ಸುತ್ತು ಹಾಕಿಕೊಂಡು ಮನೆಗೆ ಹೋದಳು.